ಕಿವಿಯ ದಾರಿ

ಸಜ್ಜದ ಕಬ್ಬಿಣ ಎಲ್ಲಿರುತ್ತದೆ ಎಂದು ಅಕ್ಕ ತಂಗಿಯನ್ನು ಕೇಳಿದ್ದು ಪರೀಕ್ಷೆ ಮಾಡುವುದಕ್ಕಲ್ಲ, ಅಮ್ಮನ ಮಾತಿನ ದಿಕ್ಕು ತಪ್ಪಿಸುವುದಕ್ಕೆ.

ಭಾನುವಾರದ ಬೆಳಿಗ್ಗೆ. ಮೂವರೂ ಅಡುಗೆಮನೆಯಲ್ಲಿದ್ದರು. ಮರುದಿನ ಗುಬ್ಬಿ ಮೊದಲ ಸಲ ಕಟ್ಟಡದ ಕೆಲಸಕ್ಕೆ ಹೋಗುವವಳಿದ್ದಳು. ಹುಟ್ಟಿದಾಗ ಅಂಗೈಯಷ್ಟೇ ಇದ್ದಳೆಂದು ಅಂಟಿಕೊಂಡ ಆ ಹೆಸರು, ತಂಗಿ ಅಕ್ಕನಿಗಿಂತ ಎತ್ತರ ಬೆಳೆದ ಮೇಲೂ ಬಿಟ್ಟುಹೋಗಿರಲಿಲ್ಲ. ಔಷಧಿಯ ಗೋದಾಮಿನಲ್ಲಿ ಡಬ್ಬ ಕಟ್ಟುತ್ತಲೇ ಆನ್‌ಲೈನಿನಲ್ಲಿ ಕಟ್ಟಡ ಇಂಜಿನಿಯರಿಂಗ್ ಕೋರ್ಸು ಮುಗಿಸಿ, ತೊಂಬತ್ತರ ಮೇಲೆ ಅಂಕ ತೆಗೆದು, ಹೊಸದಾಗಿ ಏಳುತ್ತಿದ್ದ ಕಟ್ಟಡವೊಂದರಲ್ಲಿ ಸಹಾಯಕ ಮೇಲ್ವಿಚಾರಕಿಯ ಜಾಗ ಗಿಟ್ಟಿಸಿಕೊಂಡಿದ್ದಳು. ಅಮ್ಮನಿಗೆ ಸಂತೋಷವೂ ಹೌದು, ಭಯವೂ ಹೌದು.

"ಆ ಮೆಟ್ಟಿಲು ಗಿಟ್ಟಿಲು ಹತ್ತೋಕೆ ಹೋಗ್ಬೇಡ ಕಣೇ. ಕೆಳಗೇ ನಿಂತ್ಕೊಂಡು ನೋಡ್ಕೋ."

"ಕೆಳಗೆ ನಿಂತ್ರೆ ಮೇಲಿಂದ ಇಟ್ಟಿಗೆ ಬೀಳುತ್ತಮ್ಮಾ. ಮೇಲೆ ಹತ್ತಿದ್ರೆ ನಾನೇ ಬೀಳ್ತೀನಿ. ಯಾವುದು ಬೇಕು, ನೀನೇ ಹೇಳು."

"ನಿನ್ನ ನಾಲಿಗೆಗಿಷ್ಟು!"

ಆ ಮಾತಿಗೆ ನಿಜವಾಗಿ ಹೆದರಿದ್ದು ಅಮ್ಮನಲ್ಲ, ಅಕ್ಕ. ಬೀದಿಯ ತಿರುವಿನವರೆಗೆ ಹೋದವಳು ಬಾಗಿಲಿಗೆ ಬೀಗ ಬಿದ್ದಿದೆಯೇ ಎಂದು ವಾಪಸು ಬಂದು ನೋಡುವ, ನೋಡಿ ಹೊರಟವಳು ಒಲೆ ಆರಿಸಿದೆನೇ ಎಂದು ಮತ್ತೆ ಬರುವ ಜೀವ ಅದು. ಅಕ್ಕ ಹುಟ್ಟಿದ ಕೂಡಲೇ ಅತ್ತದ್ದು ಹಸಿವಿಗಲ್ಲ, ಮುಂದೇನು ಕಾದಿದೆಯೋ ಎಂದು, ಅನ್ನುವುದು ಗುಬ್ಬಿಯ ಹಳೆಯ ತಮಾಷೆ.

"ಸರಿ ಇಂಜಿನಿಯರಮ್ಮಾ," ಎಂದಳು ಅಕ್ಕ, "ಬಾಗಿಲ ಮೇಲೆ ಬಿಸಿಲಿಗೆ ಅಡ್ಡ ಸಜ್ಜ ಹಾಕ್ತಾರಲ್ಲ, ಅದರೊಳಗಿನ ಕಬ್ಬಿಣ ಎಲ್ಲಿರುತ್ತೆ ಅಂತ ಅಮ್ಮನಿಗೆ ತಿಳಿಸಿ ಹೇಳು ನೋಡೋಣ."

"ಕೆಳಗೆ."

ಅಕ್ಕ ನಕ್ಕಳು. "ತಮಾಷೆ ಸಾಕು."

"ತಮಾಷೆ ಏನು ಬಂತು? ನೀನೇ ಹೇಳಿಕೊಟ್ಟಿದ್ದು." ಗುಬ್ಬಿ ಸೌಟನ್ನು ಮೈಕಿನಂತೆ ಹಿಡಿದು ಗಂಟಲು ಸರಿಮಾಡಿಕೊಂಡಳು. ಅಕ್ಕನ ಧ್ವನಿ ಅಣಕಿಸುವುದರಲ್ಲಿ ಅವಳನ್ನು ಮೀರಿಸಿದವರಿಲ್ಲ. "'ಹೊರೆ ಬಿದ್ದಾಗ ತೊಲೆ ಬಾಗುತ್ತದೆ. ಬಾಗಿದಾಗ ಅದರ ಕೆಳಮೈ ಹಿಗ್ಗುತ್ತದೆ. ಕಾಂಕ್ರೀಟು ಒತ್ತುವುದನ್ನು ತಾಳುತ್ತದೆ, ಎಳೆಯುವುದನ್ನು ತಾಳದು. ಆದ್ದರಿಂದ ಕಬ್ಬಿಣ ಕೆಳಗೆ.' ಸರೀನಾ? ಕೊನೇಲಿ ಉಸಿರು ಬಿಡ್ತೀಯಲ್ಲ, ಅದನ್ನೂ ಹಾಕ್ಲಾ?"

ಅಮ್ಮ ಬಾಯಿಗೆ ಸೆರಗು ಅಡ್ಡ ಹಿಡಿದು ನಗುತ್ತಿದ್ದಳು. ಅಕ್ಕನಿಗೆ ನಗು ಬರಲಿಲ್ಲ.

"ಅದು ಎರಡು ಕಡೇನೂ ಆಸರೆ ಇರೋ ತೊಲೆಗೆ ಗುಬ್ಬಿ. ಸಜ್ಜಕ್ಕೆ?"

"ಸಜ್ಜವೂ ಕಾಂಕ್ರೀಟೇ ಅಲ್ವಾ? ಕಾಂಕ್ರೀಟಿಗೇನು, ಊರಿಗೊಂದು ನ್ಯಾಯಾನಾ?"

ಸಜ್ಜದ ನ್ಯಾಯ ಬೇರೆಯೇ. ಅದಕ್ಕೆ ಒಂದೇ ಕಡೆ ಗೋಡೆಯ ಹಿಡಿತ. ಇನ್ನೊಂದು ತುದಿ ಗಾಳಿಯಲ್ಲಿ ಚಾಚಿಕೊಂಡಿರುತ್ತದೆ. ಅದು ಜೋತು ಬಿದ್ದಾಗ ಹಿಗ್ಗುವುದು ಕೆಳಮೈಯಲ್ಲ, ಮೇಲ್ಮೈ. ಕಬ್ಬಿಣ ಅಲ್ಲಿ, ಮೇಲುಗಡೆಯಲ್ಲೇ ಇರಬೇಕು. ಕೆಳಗೆ ಹಾಕಿದರೂ ನಿಂತಂತೆಯೇ ಕಾಣುತ್ತದೆ. ಕಾಂಕ್ರೀಟು ಗಟ್ಟಿಯಾಗಲೆಂದು ಕೆಳಗೆ ಕೊಟ್ಟ ಆಸರೆಯ ಕಂಬಗಳನ್ನು ತೆಗೆಯುವ ತನಕ.

ಇದು ಗೊತ್ತಿದ್ದರೂ ಅಕ್ಕ ಇಂಜಿನಿಯರಲ್ಲ. ಇಂಜಿನಿಯರರು ಬರೆದುಕೊಟ್ಟ ಪಾಠವನ್ನು ವಿದ್ಯಾರ್ಥಿಗಳ ಮೈಗೆ ಒಪ್ಪುವ ಹಾಗೆ ಕತ್ತರಿಸಿ ಹೊಲಿಯುವುದು ಅವಳ ಕೆಲಸ. ಗುಬ್ಬಿ ಓದಿದ ಕೋರ್ಸು ಅಕ್ಕನ ಕಚೇರಿಯಲ್ಲೇ ತಯಾರಾದದ್ದು. ಅಲ್ಲಿ ಸೇರಿದ ಪ್ರತಿಯೊಬ್ಬರಿಗೂ ಮೊದಲಿಗೆ ಕೆಲವು ಪ್ರಶ್ನೆಗಳು ಎದುರಾಗುತ್ತಿದ್ದವು: ಹೊಸ ಜಾಗಕ್ಕೆ ಹೋಗುವಾಗ ನಕ್ಷೆ ನೋಡುತ್ತೀರೋ, ಯಾರನ್ನಾದರೂ ಕೇಳುತ್ತೀರೋ? ಹೊಸ ಯಂತ್ರ ಬಂದರೆ ಪುಸ್ತಕ ಓದುತ್ತೀರೋ, ಗುಂಡಿ ಒತ್ತಿ ನೋಡುತ್ತೀರೋ? ಉತ್ತರ ನೋಡಿ ಕಂಪ್ಯೂಟರು ಅವರನ್ನು ನಾಲ್ಕು ದಾರಿಗಳಲ್ಲಿ ಒಂದಕ್ಕೆ ಹಚ್ಚುತ್ತಿತ್ತು. ಕಣ್ಣಿನ ದಾರಿಯವರಿಗೆ ಚಿತ್ರ, ಅಕ್ಷರದ ದಾರಿಯವರಿಗೆ ಬರಹ, ಕೈಯ ದಾರಿಯವರಿಗೆ ಮನೆಯಲ್ಲೇ ಮಾಡಿ ನೋಡುವ ಪ್ರಯೋಗ, ಕಿವಿಯ ದಾರಿಯವರಿಗೆ ಧ್ವನಿ. ಆ ಧ್ವನಿ ಅಕ್ಕನದೇ. ಗುಬ್ಬಿ ಕಿವಿಯ ದಾರಿಯವಳು.

ಅಕ್ಕ ಕೈ ಒರೆಸಿಕೊಂಡು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಫೋನಿನಲ್ಲಿ ಕಿವಿಯ ದಾರಿಯ ಪಾಠ ತೆರೆದು ತನ್ನ ಮಾತನ್ನು ತಾನೇ ಕೇಳಿದಳು. ತೊಲೆ ಬಾಗಿತು, ಕೆಳಮೈ ಹಿಗ್ಗಿತು, ಕಬ್ಬಿಣ ಕೆಳಗೆ ಬಿತ್ತು. ಸಣ್ಣ ಉಸಿರು. ಅದರ ಬೆನ್ನಿಗೇ, "ಈಗ ಮುಂದಿನ ಘಟಕ." ಸಜ್ಜ ಬರಲೇ ಇಲ್ಲ. ಹಿಂದಕ್ಕೆ ಓಡಿಸಿ ಮತ್ತೆ ಕೇಳಿದಳು. ಉಳಿದ ಮೂರು ದಾರಿಗಳನ್ನು ತೆರೆದಳು. ಕಣ್ಣಿನವರಿಗೆ ಮೇಲ್ಮೈ ಬಿರುಕು ಬಿಟ್ಟ ಸಜ್ಜದ ದೊಡ್ಡ ಚಿತ್ರವಿತ್ತು. ಅಕ್ಷರದವರಿಗೆ ಎರಡು ಪ್ಯಾರಾ. ಕೈಯವರಿಗೆ ಪಾತ್ರೆ ತೊಳೆಯುವ ಸ್ಪಂಜನ್ನು ಬಗ್ಗಿಸಿ ನೋಡುವ ಪ್ರಯೋಗ. ಕಿವಿಯವರಿಗೆ ಮಾತ್ರ ಇಲ್ಲ.

ಏಕೆಂದು ಹೊಳೆಯುವುದಕ್ಕೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಇಂಜಿನಿಯರು ಬರೆದುಕೊಟ್ಟ ಆ ಭಾಗ ಶುರುವಾಗುತ್ತಿದ್ದದ್ದೇ "ಪಕ್ಕದ ಚಿತ್ರದಲ್ಲಿ ಕಾಣುವಂತೆ" ಎಂದು. ಬಸ್ಸಿನಲ್ಲಿ ನಿಂತು ಕೇಳುವವರಿಗೆ "ಚಿತ್ರ ನೋಡಿ" ಎನ್ನುವುದು ಅವಮಾನ. ಆದ್ದರಿಂದ ಚಿತ್ರದ ಮಾತು ಬರುವ ಭಾಗಗಳೆಲ್ಲ ಕಿವಿಯ ದಾರಿಯಿಂದ ಹೊರಗೆ. ಈ ನಿಯಮ ಮಾಡಿದವಳು ಅಕ್ಕನೇ. ಅಷ್ಟೇ ಆಗಿದ್ದರೆ ಪರೀಕ್ಷೆಯಲ್ಲಾದರೂ ತಪ್ಪು ಸಿಕ್ಕಿಬೀಳುತ್ತಿತ್ತು. ಆದರೆ ಅದಕ್ಕೂ ಒಂದು ನಿಯಮವಿತ್ತು: ಯಾರಿಗೆ ಯಾವುದನ್ನು ಕಲಿಸಿಲ್ಲವೋ ಅದನ್ನು ಅವರಿಗೆ ಕೇಳಬಾರದು. ಕಂಪ್ಯೂಟರು ಈ ಎರಡನೆಯ ನಿಯಮವನ್ನೂ ಚಾಚೂ ತಪ್ಪದೆ ಪಾಲಿಸಿತ್ತು. ಕಿವಿಯ ದಾರಿಯ ಒಬ್ಬರಿಗೂ ಸಜ್ಜದ ಪ್ರಶ್ನೆ ಬಿದ್ದಿರಲಿಲ್ಲ.

ಅಕ್ಕ ಮತ್ತೆ ಅಡುಗೆಮನೆಗೆ ಬಂದು ಸಿಂಕಿನ ಬದಿಯಲ್ಲಿದ್ದ ಸ್ಪಂಜನ್ನು ಹಿಂಡಿ ತಂಗಿಯ ಮುಂದೆ ಹಿಡಿದಳು. ಒಂದು ತುದಿಯನ್ನು ಕಟ್ಟೆಯ ಅಂಚಿಗೆ ಒತ್ತಿ ಹಿಡಿದು ಇನ್ನೊಂದು ತುದಿಯನ್ನು ಬೆರಳಿನಿಂದ ಕೆಳಗೆ ಅದುಮಿದಳು. ಸ್ಪಂಜಿನ ಮೇಲಿನ ತೂತುಗಳು ಬಾಯಿ ಬಿಟ್ಟುಕೊಂಡವು.

ಗುಬ್ಬಿ ಒಂದೇ ಸಲ ನೋಡಿದಳು. "ಓ! ಮೇಲೆ ಹಿಗ್ಗುತ್ತೆ. ಹಾಗಾದ್ರೆ ಕಬ್ಬಿಣ ಮೇಲೆ." ಸ್ಪಂಜನ್ನು ಕಿತ್ತುಕೊಂಡು ತಾನೂ ಬಗ್ಗಿಸಿದಳು. "ಇಷ್ಟೇನಾ? ಇದನ್ನ ಯಾಕೆ ನಂಗೆ ತೋರಿಸ್ಲಿಲ್ಲ?"

"ನೀನು ಕಿವಿಯಿಂದ ಕಲಿಯೋಳು ಅಂತ..."

"ಯಾರು ಹೇಳಿದ್ದು? ಗೋದಾಮಿನಲ್ಲಿ ಕೈಗೂ ಕೆಲ್ಸ, ಕಣ್ಣಿಗೂ ಕೆಲ್ಸ. ಖಾಲಿ ಇದ್ದಿದ್ದು ಕಿವಿ ಒಂದೇ. ಅದಕ್ಕೇ ಎಲ್ಲಾ ಪ್ರಶ್ನೆಗೂ 'ಕೇಳ್ತೀನಿ' ಅಂತ ಒತ್ತಿದೆ. ನಿಮ್ಮ ಕಂಪ್ಯೂಟರ್ ಅದನ್ನೇ ನನ್ನ ಜಾತಕ ಮಾಡ್ಬಿಡ್ತಾ?"

ಅಕ್ಕ ಕುರ್ಚಿ ಎಳೆದುಕೊಂಡು ಕುಳಿತಳು. ಇನ್ನೂರಕ್ಕೂ ಮೇಲ್ಪಟ್ಟು ಜನ ಈ ಸಲ ಕಿವಿಯ ದಾರಿಯಲ್ಲಿ ಪಾಸಾಗಿದ್ದರು. ಅವರಲ್ಲಿ ಎಷ್ಟು ಮಂದಿಯ ಕಿವಿ ಮಾತ್ರ ಖಾಲಿ ಇತ್ತೋ! ಎಷ್ಟು ಮಂದಿ ಆಗಲೇ ಕಟ್ಟಡಗಳ ಮೇಲೆ ನಿಂತು "ಕೆಳಗೆ" ಎಂದು ಕೈ ತೋರಿಸುತ್ತಿದ್ದಾರೋ!

"ನಂಗೆ ಗೊತ್ತಾಯ್ತಲ್ಲ, ಮುಖ ಯಾಕೆ ಹಾಗೆ ಮಾಡ್ಕೊಂಡಿದ್ದೀಯಾ?" ಎಂದಳು ಗುಬ್ಬಿ.

"ಉಳಿದವರ ಮನೇಲಿ ಸ್ಪಂಜು ಹಿಡಿದು ತೋರಿಸೋಕೆ ಯಾರಿದ್ದಾರೆ?"

ಗುಬ್ಬಿಯ ಕೈ ನಿಂತಿತು. ಅಕ್ಕನ ಜೊತೆ ಇಷ್ಟು ವರ್ಷ ಬಾಳಿದವಳಿಗೆ ಮಾತಿನ ಬುಡ ಎಲ್ಲಿದೆ ಎಂದು ತಿಳಿಯದೇ? ಘಟಕವೊಂದನ್ನು ತಪ್ಪೆಂದು ಮತ್ತೆ ತೆರೆದರೆ ಆ ದಾರಿಯವರ ಪಾಸು ತಂತಾನೇ ತಡೆಹಿಡಿಯಲ್ಪಡುತ್ತದೆ. ಮರುಪರೀಕ್ಷೆ ಬರೆದ ಮೇಲೆಯೇ ಬಿಡುಗಡೆ. ಕೆಲಸ ಕೊಟ್ಟವರಿಗೂ ಸುದ್ದಿ ಹೋಗುತ್ತದೆ.

"ಅಕ್ಕಾ. ನಾಳೆ ಸೇರ್ತಾ ಇದ್ದೀನಿ ನಾನು."

"ಗೊತ್ತು."

"ಆ ಜಾಗಕ್ಕೆ ಎಷ್ಟು ಜನ ಕಾದಿದ್ದಾರೆ ಗೊತ್ತಾ? ಮೊದಲ ದಿನಾನೇ ಪಾಸು ತಡೆ ಅಂದ್ರೆ ಬಾಗಿಲಿಂದಲೇ ಕಳಿಸ್ತಾರೆ. ಮೂರು ವಾರ ಬಿಡು. ನನ್ನ ಕೆಲ್ಸ ನೋಡ್ಲಿ. ಆಮೇಲೆ ನೀನೇನು ಬೇಕಾದ್ರೂ ತೆರಿ, ಮುಚ್ಚು."

ಅಕ್ಕ ತಂಗಿಯ ಕೈಯಿಂದ ಸ್ಪಂಜನ್ನು ತೆಗೆದು ಸಿಂಕಿನ ಬದಿಗಿಟ್ಟಳು. ಅಮ್ಮ ಇಬ್ಬರ ಮುಖವನ್ನೂ ನೋಡಿ, "ಏನ್ರೇ ಅದು, ಬೆಳ್ಳಂಬೆಳಿಗ್ಗೆ ಸ್ಪಂಜಿಗೆ ಜಗಳ?" ಎಂದಳು.

ಸೋಮವಾರ ಗುಬ್ಬಿ ಹೊಸ ಬೂಟು ಹಾಕಿಕೊಂಡು ಹೊರಟಳು. ಅಕ್ಕ ಕಚೇರಿಗೆ ಹೋಗಿ ನೇರವಾಗಿ ಮೇಷ್ಟ್ರ ಕೋಣೆಯ ಬಾಗಿಲು ತಟ್ಟಿದಳು. ಕಚೇರಿಯ ಮುಖ್ಯಸ್ಥರು ಅವರು. ಕಾಲೇಜಿನಲ್ಲಿ ಜೀವಮಾನವಿಡೀ ಪಾಠ ಹೇಳಿ ಬಂದವರಾದ್ದರಿಂದ ಎಲ್ಲರಿಗೂ ಮೇಷ್ಟ್ರೇ. ಕೆಟ್ಟವರಲ್ಲ. ಹಿಂದಿನ ಬೆಂಚಿನಲ್ಲಿ ತಮ್ಮ ಪಾಠ ತಲುಪದೆ ಕೈಬಿಟ್ಟುಹೋದ ಹುಡುಗರ ಕೊರಗಿನಿಂದಲೇ ನಾಲ್ಕು ದಾರಿಗಳ ಯೋಚನೆ ಅವರಿಗೆ ಹುಟ್ಟಿದ್ದು. ಯಾವ ದಾರಿಯವರಿಗೆ ಎಷ್ಟು ಅಂಕ ಎಂದು ತೋರಿಸುವ ಪಟವೊಂದನ್ನು ಅವರು ಬೆನ್ನ ಹಿಂದಿನ ಗೋಡೆಗೆ ಅಂಟಿಸಿದ್ದರು. ಕಿವಿಯ ದಾರಿಯ ಕಂಬವೇ ಎಲ್ಲಕ್ಕಿಂತ ಎತ್ತರ.

ಧ್ವನಿಮುದ್ರಣ ಮಾಡುವವನನ್ನೂ ಒಳಗೆ ಕರೆದರು. ಬಾಯಿ ತೆರೆಯುವುದೇ ಅಪರೂಪವಾದ್ದರಿಂದ ಅವನು ಮ್ಯೂಟಣ್ಣ.

"ಆ ಭಾಗ ನೀನು ತೆಗೆದದ್ದಾ?"

"ಹೂಂ. 'ಚಿತ್ರ' ಅಂತ ಇದ್ದಿದ್ದೆಲ್ಲ ತೆಗೆದೆ. ಅಕ್ಕ ಹೇಳಿದ್ರು." ಸ್ವಲ್ಪ ತಡೆದು, "ಹೇಳಿದ್ದು ಸರೀನೇ ಇತ್ತು," ಎಂದು ಸೇರಿಸಿದ. ಅವನ ಮಟ್ಟಿಗೆ ಅದು ಭಾಷಣ.

ಮೇಷ್ಟ್ರು ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡರು. "ಮುಂದಿನ ತಂಡಕ್ಕೆ ಇವತ್ತೇ ಸರಿ ಮಾಡಿಸು."

"ಪಾಸಾದವರಿಗೆ ಸರ್?"

"ನೋಡಮ್ಮಾ, ಯಾರೂ ಒಬ್ಬರೇ ನಿಂತು ಕಟ್ಟಡ ಕಟ್ಟಲ್ಲ. ನಕ್ಷೆ ಇರುತ್ತೆ. ಮೇಲೊಬ್ಬ ಹಿರಿಯ ಇಂಜಿನಿಯರ್ ಇರ್ತಾನೆ."

"ಇವರು ನೋಡ್ಕೋತಾರೆ ಅಂತ ಅವರು, ಅವರು ನೋಡ್ಕೋತಾರೆ ಅಂತ ಇವರು. ನಾವೂ ಹಾಗೇ ತಾನೆ ಸರ್ ಮಾಡಿದ್ದು? ನಾನು ಮ್ಯೂಟಣ್ಣ ನೋಡ್ತಾನೆ ಅಂದ್ಕೊಂಡೆ, ಅವನು ಪರೀಕ್ಷೆಯವರು ನೋಡ್ತಾರೆ ಅಂದ್ಕೊಂಡ."

"ಹಾಗಾದ್ರೆ ಒಂದು ಹೆಚ್ಚುವರಿ ಪಾಠ ಅಂತ ಕಳಿಸೋಣ. ಪಾಸು ಮುಟ್ಟೋದು ಬೇಡ."

"ಪಾಸಾದ ಮೇಲೆ ಹೆಚ್ಚುವರಿ ಪಾಠ ಯಾರು ಸರ್ ಕೇಳ್ತಾರೆ? ನೀವು ಕೇಳ್ತಿದ್ರಾ?"

ಅವರು ನಕ್ಕರು, ಆದರೆ ನಗು ಅರ್ಧಕ್ಕೇ ನಿಂತಿತು. ಆಮೇಲೆ ಮೆಲ್ಲಗೆ, ಮನೆಯ ಹಿರಿಯನ ದನಿಯಲ್ಲಿ, "ನಿನ್ನ ತಂಗೀನೂ ಇದೇ ತಂಡ ಅಲ್ವಾ? ಇವತ್ತು ತಾನೆ ಸೇರಿದಾಳೆ ಅಂದೆ. ಮನೆಗೆ ಹೋಗಿ ಅವಳಿಗೇನು ಹೇಳ್ತೀಯಾ? ಆತುರ ಬೇಡ. ನಾಳೆ ಕೂತು ಮಾತಾಡೋಣ," ಎಂದರು.

ಗುಬ್ಬಿ ಕೇಳಿದ್ದೂ ಸಮಯವನ್ನೇ, ಮೇಷ್ಟ್ರು ಕೊಡುತ್ತಿರುವುದೂ ಅದನ್ನೇ. ಸುಮ್ಮನೆ ಹೂಂ ಎಂದುಬಿಟ್ಟರೆ ಯಾರೂ ಅವಳನ್ನು ಬೆರಳು ಮಾಡಿ ತೋರಿಸುವಂತಿರಲಿಲ್ಲ. ಅಕ್ಕ ತನ್ನ ಮೇಜಿಗೆ ಬಂದು ಕುಳಿತಳು. ಮಧ್ಯಾಹ್ನದ ಊಟದ ಡಬ್ಬಿ ತೆರೆದು, ಹಾಗೇ ಮುಚ್ಚಿದಳು. ನಾಳೆ ಮಾತಾಡಿದರೆ ನಾಡಿದ್ದು ಸಭೆ. ಸಭೆಯಾದರೆ ಮುಂದಿನ ವಾರ ಇನ್ನೊಂದು. ಅಷ್ಟರಲ್ಲಿ ಎಲ್ಲೋ ಒಂದು ಕಡೆ ಸಜ್ಜ ಗಟ್ಟಿಯಾಗುತ್ತಿರುತ್ತದೆ, ಕಂಬ ತೆಗೆಯಲು ಯಾರೋ ಸುತ್ತಿಗೆ ಹಿಡಿದು ಬರುತ್ತಾರೆ. ಇಲ್ಲದ ಅಪಾಯಗಳನ್ನು ಹೆಣೆಯುವುದರಲ್ಲಿ ಅವಳ ತಲೆ ಪಳಗಿದ್ದು. ಇದು ಇದ್ದದ್ದೋ, ತನ್ನ ತಲೆ ಹೆಣೆದದ್ದೋ ಎಂದು ಅವಳು ತನ್ನನ್ನೇ ಕೇಳಿಕೊಂಡಳು. ಬೀಗ ನೋಡಲು ವಾಪಸು ಬಂದಾಗಲೆಲ್ಲ ಬೀಗ ಬಿದ್ದೇ ಇರುತ್ತಿತ್ತು. ಆದರೆ ಈ ಬಾರಿ ಅವಳು ಬಾಗಿಲನ್ನು ಕಣ್ಣಾರೆ ಕಂಡಿದ್ದಳು; ಅದು ಹಾರು ಹೊಡೆದಿತ್ತು.

ಘಟಕ ತೆರೆಯುವ ಅಧಿಕಾರ ಪಾಠ ವಿನ್ಯಾಸ ಮಾಡಿದವರದು. ಯಾರ ಸಹಿಯೂ ಬೇಕಿರಲಿಲ್ಲ. ಎಲ್ಲರಿಗೂ ಹೋಗಬೇಕಾದ ಸಂದೇಶವನ್ನು ಬರೆದಳು, ಅಳಿಸಿದಳು. "ಸಣ್ಣ ಲೋಪ" ಎಂದು ಬರೆದು "ಸಣ್ಣ" ತೆಗೆದಳು. "ಕಣ್ತಪ್ಪಿನಿಂದ" ಎಂದು ಬರೆದು ಅದನ್ನೂ ತೆಗೆದಳು. ಕೊನೆಗೆ ಉಳಿದದ್ದು ಇಷ್ಟು: "ಗೋಡೆಯಿಂದ ಚಾಚಿದ ಸಜ್ಜದಲ್ಲಿ ಕಬ್ಬಿಣ ಮೇಲುಗಡೆ ಇರಬೇಕು. ಇದನ್ನು ನಾವು ನಿಮಗೆ ಕಲಿಸಲಿಲ್ಲ. ತಪ್ಪು ನಮ್ಮದು. ದಯವಿಟ್ಟು ಈ ಪಾಠ ಕೇಳಿ, ಮರುಪರೀಕ್ಷೆ ಬರೆಯಿರಿ." ಧ್ವನಿಮುದ್ರಣದ ಕೋಣೆಗೆ ಹೋಗಿ ಬಿಟ್ಟುಹೋದ ಭಾಗವನ್ನು ಚಿತ್ರದ ಹಂಗಿಲ್ಲದ ಮಾತುಗಳಲ್ಲಿ ಓದಿದಳು. ಎರಡು ಸಲ ಮಾತು ತಪ್ಪಿದಳು. ಮ್ಯೂಟಣ್ಣ ಎರಡು ಸಲವೂ ಹೊಸದಾಗಿ ಶುರು ಮಾಡಿದ. ಆಮೇಲೆ ಅವಳು ಗುಂಡಿ ಒತ್ತಿದಳು.

ಸಂಜೆ ಮನೆಗೆ ಬಂದಾಗ ಹೊಸ ಬೂಟು ಬಾಗಿಲ ಬಳಿ ಬಿದ್ದಿತ್ತು, ಒಂದು ಆ ಕಡೆ, ಒಂದು ಈ ಕಡೆ. ಗುಬ್ಬಿ ಹಾಲಿನಲ್ಲಿ ಗೋಡೆಗೆ ಒರಗಿ ಕುಳಿತಿದ್ದಳು.

"ಮಧ್ಯಾಹ್ನದ ಮೇಲೆ ಟೀಗೆ ಎಲ್ಲರ ಜೊತೆ ಕೂತಿದ್ದೆ. ಮ್ಯಾನೇಜರ್ ಬಂದು, 'ಏನಮ್ಮಾ, ನಿನ್ನ ಪಾಸು ತಡೆಹಿಡಿದಿದ್ದಾರಂತೆ, ಡೂಪ್ಲಿಕೇಟಾ?' ಅಂದ. ಎಲ್ಲರೂ ನಕ್ಕರು. ತಲೆ ಮೇಲಿದ್ದ ಹೆಲ್ಮೆಟ್ ಅಲ್ಲೇ ಬಿಚ್ಚಿಸ್ಕೊಂಡ್ರು."

"ಮರುಪರೀಕ್ಷೆ ಆದ ಮೇಲೆ..."

"ಜಾಗ ಇದ್ರೆ ಕರೀತಾರಂತೆ. ಇರಲ್ಲ. ನಾಳೆನೇ ಬೇರೆಯವರು ಬರ್ತಾರೆ." ಗುಬ್ಬಿ ತಲೆಯೆತ್ತಿದಳು. "ನನ್ನೊಬ್ಬಳನ್ನ ಬಿಡಬಹುದಿತ್ತಲ್ಲ ಅಕ್ಕಾ. ನಂಗೆ ನಿನ್ನೇನೇ ಗೊತ್ತಾಗಿತ್ತು."

"ಒಬ್ಬೊಬ್ಬರನ್ನ ಬಿಡೋಕೆ ಬರಲ್ಲ ಗುಬ್ಬಿ. ಇಡೀ ದಾರಿಗೆ ಒಂದೇ ಬೀಗ."

"ಬರೋ ಹಾಗಿದ್ದಿದ್ರೆ? ಬಿಡ್ತಿದ್ದೆಯಾ?"

ಅಕ್ಕ ಬಗ್ಗಿ ಆ ಕಡೆ ಈ ಕಡೆ ಬಿದ್ದಿದ್ದ ಬೂಟುಗಳನ್ನು ಜೋಡಿಸಿಟ್ಟಳು. ಬಿಡುತ್ತಿದ್ದೆ ಎಂದರೆ ಉಳಿದವರಿಗೆ ಮಾಡಿದ್ದು ಅನ್ಯಾಯ, ಬಿಡುತ್ತಿರಲಿಲ್ಲ ಎಂದರೆ ಎದುರಿಗೆ ಕುಳಿತವಳಿಗೆ. ಗುಬ್ಬಿ ಎದ್ದು ಒಳಗೆ ಹೋದಳು.

ಅಂದಿನಿಂದ ಮನೆಯಲ್ಲಿ ಮಾತೆಲ್ಲ ಅಮ್ಮನ ಮೂಲಕ. "ಅಮ್ಮಾ, ನಿನ್ನ ದೊಡ್ಡ ಮಗಳಿಗೆ ಹೇಳು, ಸೋಪು ಮುಗಿದಿದೆ." "ನಾನೇನು ಟಪಾಲಿನವಳಾ?" ಎಂದು ಅಮ್ಮ ರೇಗುತ್ತಿದ್ದಳು; ಆದರೂ ತಲುಪಿಸುತ್ತಿದ್ದಳು. ಗುಬ್ಬಿ ಮರುಪರೀಕ್ಷೆಗೆ ಓದುತ್ತಿದ್ದಳು. ಇಯರ್‌ಫೋನು ಮುಟ್ಟದೆ, ಅಕ್ಷರದ ದಾರಿಯ ಪಾಠಗಳನ್ನು ತೆರೆದುಕೊಂಡು.

ಕಚೇರಿಯಲ್ಲಿ ಮೇಷ್ಟ್ರು ಕೂಗಾಡಲಿಲ್ಲ. "ನಾಳೆ ಅಂದಿದ್ದೆ ನಾನು," ಎಂದಷ್ಟೇ ಹೇಳಿ ಕೋಣೆಯ ಬಾಗಿಲು ಹಾಕಿಕೊಂಡರು. ಕಿವಿಯ ದಾರಿಯವರ ಉತ್ತರಗಳು ಒಂದರ ಹಿಂದೊಂದು ಬಂದವು. ನಿಮ್ಮ ತಪ್ಪಿಗೆ ನಮಗೇಕೆ ಶಿಕ್ಷೆ ಎಂದು ಕೆಲವರು. ನಾಲ್ಕು ಜನರೆದುರು ಮಾನ ಕಳೆದಿರಿ ಎಂದು ಒಬ್ಬಳು. ಇದೆಲ್ಲ ನಮಗೆ ಮೊದಲೇ ಗೊತ್ತಿತ್ತು ಎಂದು ಕೆಲವರು. ಅಂಥವರು ದಿನದಿನಕ್ಕೆ ಹೆಚ್ಚಾಗುತ್ತ ಹೋದರು. ಅಕ್ಕ ಪ್ರತಿಯೊಬ್ಬರಿಗೂ ಉತ್ತರ ಬರೆದಳು. ಹೇಳಿದ್ದು ಒಳ್ಳೆಯದಾಯಿತು ಎಂದು ಒಬ್ಬರೂ ಬರೆಯಲಿಲ್ಲ. ಇಲ್ಲದ ಬೆಂಕಿಗೆ ನೀರು ಹೊಯ್ದು ತಂಗಿಯ ಒಲೆ ಆರಿಸಿದೆನೇ ಎಂಬ ಯೋಚನೆ ಊಟಕ್ಕೆ ಕೂತಾಗಲೂ ಅವಳನ್ನು ಬಿಡಲಿಲ್ಲ.

ಗುರುವಾರ ಸಂಜೆ, ಅವಳು ಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಉತ್ತರಗಳನ್ನು ಬರೆಯುತ್ತಿದ್ದಾಗ ಒಂದು ಹೊಸ ಸಂದೇಶ ಬಂತು. ಹೆಸರಿರಲಿಲ್ಲ, ವಿದ್ಯಾರ್ಥಿಯ ಸಂಖ್ಯೆ ಮಾತ್ರ. ಒಂದೇ ಸಾಲು.

"ಈಗಾಗಲೇ ಹಾಕಿಬಿಟ್ಟಿದ್ದರೆ?"

ಅಕ್ಕ ಕೂಡಲೇ ಉತ್ತರಕ್ಕೆ ಕೈ ಹಾಕಿದಳು. "ಆಸರೆಯ ಕಂಬಗಳನ್ನು ತೆಗೆಯಬೇಡಿ," ಎಂದು ಬರೆದಳು. "ಕೆಳಗೆ ಯಾರನ್ನೂ ನಿಲ್ಲಲು ಬಿಡಬೇಡಿ. ಈಗಲೇ ನಿಮ್ಮ ಇಂಜಿನಿಯರಿಗೆ ತಿಳಿಸಿ. ನನಗೆ ಫೋನ್ ಮಾಡಿ." ತನ್ನ ನಂಬರು ಹಾಕಿ ಕಳಿಸಿದಳು. ಕಾದಳು. ಆ ಕಡೆಯಿಂದ ಏನೂ ಇಲ್ಲ. ಸಂದೇಶ ಓದಿದ ಗುರುತೂ ಮೂಡಲಿಲ್ಲ.

"ಏನಾಯ್ತು?" ಬೆನ್ನ ಹಿಂದೆ ಗುಬ್ಬಿ. ಅಕ್ಕನ ಉಸಿರಾಟ ಕೇಳಿಯೇ ಎದ್ದು ಬಂದಿದ್ದಳು. ಪರದೆಯ ಮೇಲಿನ ಸಾಲನ್ನು ಓದಿದಳು. "ಹಾಕಿ ಎಷ್ಟು ದಿನ ಆಯ್ತಂತೆ? ಕಂಬ ಇನ್ನೂ ಇದ್ಯಂತಾ?"

"ಗೊತ್ತಿಲ್ಲ. ಬರೆದೆ. ಉತ್ತರ ಇಲ್ಲ."

"ಬರೆಯೋದೇನು, ಫೋನ್ ಮಾಡು!"

"ನಂಬರ್ ನಮಗೆ ಕಾಣಲ್ಲ, ಮೇಷ್ಟ್ರಿಗೆ ಮಾತ್ರ..."

"ಮಾಡು ಅವರಿಗೆ."

ಮೂರು ದಿನದಿಂದ ನೆಟ್ಟಗೆ ಮುಖ ಕೊಟ್ಟು ಮಾತಾಡದಿದ್ದ ಮೇಷ್ಟ್ರು ಫೋನೆತ್ತಿದರು. ಅಕ್ಕ ಆ ಸಾಲನ್ನು ಓದಿ ಹೇಳಿದಳು. ಆ ಕಡೆ ಕುರ್ಚಿ ಸರಿದ ಸದ್ದು. "ತಡಿ," ಎಂದರು. ಅವರು ಒಂದೊಂದೇ ಅಂಕಿ ಹೇಳಿದಂತೆ ಗುಬ್ಬಿ ಕ್ಯಾಲೆಂಡರಿನ ಅಂಚಿನಲ್ಲಿ ಬರೆದುಕೊಂಡಳು. "ಸಿಕ್ಕಿದ ಕೂಡಲೇ ನಂಗೆ ತಿಳಿಸು," ಎಂದವರು, "ಎಷ್ಟು ಹೊತ್ತಾದ್ರೂ," ಎಂದು ಸೇರಿಸಿದರು.

ಫೋನು ಹೊಡೆದುಕೊಂಡು ಹೊಡೆದುಕೊಂಡು ನಿಂತಿತು. ಅಕ್ಕ ಮತ್ತೆ ಒತ್ತಿದಳು. ಅದೂ ಹಾಗೆಯೇ ನಿಂತಿತು. ಅಮ್ಮ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಿದ್ದಳು.

"ಕೊಡಿಲ್ಲಿ," ಎಂದು ಗುಬ್ಬಿ ಫೋನು ಕಿತ್ತುಕೊಂಡಳು. "ನಿನ್ನ ಧ್ವನಿ ಕೇಳಿದ್ರೆ ಪಾಠ ಶುರುವಾಯ್ತು ಅಂತ ಇಟ್ಬಿಡ್ತಾನೆ." ಅದು ತಮಾಷೆಯೋ ಚುಚ್ಚುಮಾತೋ ಅಕ್ಕನಿಗೆ ತಿಳಿಯಲಿಲ್ಲ. ಗುಬ್ಬಿ ಫೋನನ್ನು ಮೇಜಿನ ಮೇಲಿಟ್ಟು ಸ್ಪೀಕರಿಗೆ ಹಾಕಿ ಎರಡೂ ಕೈ ಊರಿ ಬಗ್ಗಿದಳು. ರಿಂಗು ಮನೆಯನ್ನೆಲ್ಲ ತುಂಬಿತು.

"ಎತ್ತೋ," ಎಂದಳು. "ಎತ್ತೋ ಮಾರಾಯ."

ರಿಂಗು ನಿಂತಿತು. ಆ ಕಡೆಯಿಂದ ಯಂತ್ರವೊಂದು ಗಡಗಡನೆ ತಿರುಗುವ ಸದ್ದು, ಕಬ್ಬಿಣಕ್ಕೆ ಕಬ್ಬಿಣ ಬಡಿಯುವ ಸದ್ದು, ಅದರ ನಡುವೆ ಏದುಸಿರಿನ ಒಂದು ಗಂಡು ಧ್ವನಿ. "ಹಲೋ? ಯಾರು?"

ಗುಬ್ಬಿ ತಾನು ಯಾರೆಂದು ಹೇಳಲಿಲ್ಲ.

"ಸಜ್ಜದ ಕೆಳಗೆ ಈಗ ಯಾರಾದ್ರೂ ನಿಂತಿದ್ದಾರಾ?" ಎಂದು ಕೇಳಿದಳು.